ಟಿಸಿ ಇಲ್ಲದೆ ಬಂದ ಹುಡುಗಿ

ಅಬ್ಬಾಸಿಯಾ, ಕುವೈತ್
17 ಅಕ್ಟೋಬರ್ 2025, ಶುಕ್ರವಾರ

ಪ್ರೀತಿಯ ಅಪ್ಪನಿಗೆ,

ಸುಪ್ರೀತಾಳ ನಮಸ್ಕಾರ. ನಿಮ್ಮ ಕಾಗದ ಕೈಸೇರಿ ಆರು ವಾರವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೇಸರ ಮಾಡಬೇಡಿ. ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ತಮ್ಮ ಸುಮಿತ್ ಪಕ್ಕದಲ್ಲಿ ನಿಂತು ಕೂಗಿ ಹೇಳಬೇಕು. ಇದು ಹಾಗೆ ಹೇಳುವ ವಿಷಯವಲ್ಲ. ಸೋಮವಾರ ನನ್ನ ಜೊತೆ ಕೆಲಸ ಮಾಡುವ ಮರೀನಾ ರಜೆಗೆ ಮಂಗಳೂರಿಗೆ ಹೊರಟಿದ್ದಾಳೆ; ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಖರ್ಜೂರ ಇದೆ, ಶುಗರ್ ನೋಡಿಕೊಂಡು ತಿನ್ನಿ.

ಶಾಲೆಯ ಪ್ರವೇಶ ವಿಭಾಗದಲ್ಲಿ ನಾನು ಕೂತು ಹನ್ನೊಂದು ವರ್ಷವಾಯಿತಲ್ಲ, ಈ ಸೆಪ್ಟೆಂಬರಿನಷ್ಟು ಹೆದರಿದ್ದು ಯಾವಾಗಲೂ ಇಲ್ಲ. ಸೇನೆಯಿಂದ ಇಲ್ಲಿನ ನಮ್ಮ ರಾಯಭಾರ ಕಚೇರಿಗೆ ವರ್ಗವಾಗಿ ಬಂದ ಒಬ್ಬ ಹವಾಲ್ದಾರರು ಹೆಂಡತಿ, ಮಗಳ ಜೊತೆ ಬಂದರು. ಶ್ಯಾಮಸುಂದರ್ ಎಂದು, ಹಾಸನದ ಕಡೆಯವರು. ಮಗಳು ನಿಧಿ, ಒಂಬತ್ತನೇ ತರಗತಿ. ನಮ್ಮದು ಅವಳಿಗೆ ಆರನೇ ಶಾಲೆ. ಎಲ್ಲ ಕಾಗದ ಇದ್ದವು, ಟಿಸಿ ಮಾತ್ರ ಇರಲಿಲ್ಲ.

“ನಾನೇ ಫೈಲಿಗೆ ಹಾಕಿದ್ದೆ ಮೇಡಂ. ಇಲ್ಲಿ ಬಂದು ಬಿಚ್ಚುದ್ರೆ ಇಲ್ಲ,” ಎಂದು ಹವಾಲ್ದಾರರ ಹೆಂಡತಿ ಅದೇ ಫೈಲನ್ನು ನನ್ನ ಮುಂದೆ ಮೂರು ಸಲ ಮಗುಚಿದರು. ಹವಾಲ್ದಾರರು ನೆಟ್ಟಗೆ ನಿಂತಿದ್ದರು, ಸೇನೆಯಲ್ಲಿದ್ದಾಗ ನೀವು ದೊಡ್ಡ ಸಾಹೇಬರ ಮುಂದೆ ನಿಲ್ಲುತ್ತಿದ್ದ ಹಾಗೆ.

ಒಂಬತ್ತನೆಯವರ ಹೆಸರನ್ನು ಬೋರ್ಡಿಗೆ ಕಳಿಸಲು ಉಳಿದಿದ್ದದ್ದು ಒಂಬತ್ತೇ ದಿನ. ತಪ್ಪಿದರೆ ಹುಡುಗಿಗೆ ಒಂದು ವರ್ಷ ಹೋಯಿತು. ಕಾಗದ ಪೂರ್ತಿ ಇಲ್ಲದವರನ್ನು ವಾಪಸು ಕಳಿಸುವುದೇ ನನ್ನ ಕೆಲಸ, ಎಷ್ಟೋ ಮಂದಿಯನ್ನು ಕಳಿಸಿದ್ದೇನೆ. ಆ ದಿನ ಏಕೋ ತಂದೆತಾಯಿಯನ್ನು ಹೊರಗೆ ಕೂರಿಸಿ, ಹುಡುಗಿಯನ್ನು ಒಬ್ಬಳನ್ನೇ ಕೇಳಿದೆ: “ನಿಧಿ, ಟಿಸಿಯನ್ನು ನೀನೇ ಎಲ್ಲಾದರೂ ಇಟ್ಟಿದ್ದೀಯಾ? ಹೇಳು, ನಾನು ಯಾರಿಗೂ ಹೇಳೂದಿಲ್ಲ.”

ಅವಳು ನನ್ನನ್ನೇ ನೋಡಿದಳು. “ನೋ ಆಂಟಿ. ಐ ವಾಂಟ್ ಟು ಗೋ ಟು ಕ್ಲಾಸ್,” ಎಂದಳು. ಆಮೇಲೆ ಕಣ್ಣು ತುಂಬಿ ಬಂತು. ಕಳ್ಳಿಯನ್ನು ಕೇಳುವ ಹಾಗೆ ಕೇಳಿಬಿಟ್ಟೆನಲ್ಲ ಎಂದು ನನಗೆ ತಲೆ ಎತ್ತಲಾಗಲಿಲ್ಲ.

ನೇರ ಪ್ರಿನ್ಸಿಪಾಲ್ ಫ್ರೀಡಾ ಅವರ ಕೋಣೆಗೆ ಹೋದೆ. ಸದ್ಯಕ್ಕೆ ತಾತ್ಕಾಲಿಕವಾಗಿ ಸೇರಿಸಿಕೊಳ್ಳೋಣ ಎಂದೆ. “ನಾಳೆ ಟಿಸಿ ಬಾರದಿದ್ರೆ ಉತ್ತರ ಕೊಡುದು ಯಾರು ಮಾರಾಯ್ತಿ?” ಎಂದರು.

“ನಾನು ಕೊಡ್ತೇನೆ. ಬರೆದು ಸೈನ್ ಹಾಕ್ತೇನೆ.”

“ನಿನ್ನ ಇಕಾಮಾ ಶಾಲೆಯ ಹೆಸರಲ್ಲಿ ಉಂಟು, ನೆನಪುಂಟಾ?”

ನೆನಪಿತ್ತು. ಕೆಲಸ ಹೋದರೆ ಇಲ್ಲಿನ ವಾಸದ ಪರವಾನಗಿಯೂ ಹೋಗುತ್ತದೆ. ಆದರೂ ಸಹಿ ಹಾಕಿದೆ. ಮರುದಿನ ನಿಧಿ ತರಗತಿಯಲ್ಲಿ ಕೂತಳು.

ಹಳೆಯ ಶಾಲೆ ಇದ್ದದ್ದು ಜಮ್ಮುವಿನ ಆಚೆ. ನೆರೆ ಬಂದು ಅದು ಮುಚ್ಚಿತ್ತು. ಫೋನ್ ಹೋಗುತ್ತಿರಲಿಲ್ಲ, ಇಮೇಲಿಗೆ ಉತ್ತರವಿಲ್ಲ. ದಿನಕ್ಕೆ ಇಪ್ಪತ್ತು ಸಲ ಮೇಲ್ ನೋಡುತ್ತಿದ್ದೆ. ಅನ್ನ ಬಾಯಿಗೆ ಹೋಗುತ್ತಿರಲಿಲ್ಲ. ನಿಮ್ಮ ಅಳಿಯ, “ಸ್ವಂತ ಮಗಳು ತೃಪ್ತಿಯ ಪರೀಕ್ಷೆಗೆ ಇಷ್ಟು ಹೆದರ್ಲಿಲ್ಲ ನೀನು,” ಎಂದರು. ಶಾಲೆ ಬಿಡುವಾಗ ನಿಧಿ ನನ್ನ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದಳು. ನಾನು ತಲೆ ಅಲ್ಲಾಡಿಸುತ್ತಿದ್ದೆ, ಅವಳು ಬಸ್ಸಿಗೆ ಹೋಗುತ್ತಿದ್ದಳು.

ಎಂಟನೇ ದಿನ ಹವಾಲ್ದಾರರ ಹಳೆಯ ಯೂನಿಟ್ಟಿನಿಂದ ಫೋನ್ ಬಂತಂತೆ. ಪಾಸ್‌ಪೋರ್ಟಿಗೆಂದು ಫೈಲಿನಿಂದ ತೆಗೆದು ಪ್ರತಿ ಮಾಡುವಾಗ ಹವಾಲ್ದಾರರೇ ಟಿಸಿಯನ್ನು ಜೆರಾಕ್ಸ್ ಯಂತ್ರದ ಮುಚ್ಚಳದಡಿ ಬಿಟ್ಟಿದ್ದರು. ಅಲ್ಲಿನ ಗುಮಾಸ್ತರು ಕಾಪಾಡಿ ಇಟ್ಟಿದ್ದರು. ಅದರ ಪ್ರತಿ ಆ ಮಧ್ಯಾಹ್ನವೇ ಇಮೇಲಿನಲ್ಲಿ ಬಂತು. ಮರುದಿನ ಹೆಸರು ಬೋರ್ಡಿಗೆ ಹೋಯಿತು. ಅಸಲು ಹೋದ ವಾರ ಕೈಸೇರಿತು. ಹವಾಲ್ದಾರರು, “ನನ್ನಿಂದ್ಲೇ ಆಗಿದ್ದು ಮೇಡಂ,” ಎಂದು ತಲೆ ತಗ್ಗಿಸಿದರು. ಹೆಂಡತಿ ಒಂದು ಮಾತೂ ಬೈಯಲಿಲ್ಲ.

ಈಗ ಫ್ರೀಡಾ ಮೇಡಂ ಹೊಸ ನಿಯಮ ಮಾಡಿಸಿದ್ದಾರೆ. ಸೇನೆಯಿಂದ ವರ್ಗವಾಗಿ ಬಂದವರ ಮಕ್ಕಳು ಮೊದಲು ತರಗತಿಗೆ ಹೋಗಲಿ, ಟಿಸಿಗೆ ಮೂವತ್ತು ದಿನ ಸಮಯ; ಹಳೆಯ ಶಾಲೆಯ ಜೊತೆ ನಾವೇ ಮಾತಾಡುವುದು. ಅದನ್ನು ಟೈಪು ಮಾಡಿದ್ದು ನಾನು. ನಿಧಿಯನ್ನು ಕರೆದು ಕ್ಷಮೆ ಕೇಳಿದೆ. “ಇಟ್ಸ್ ಓಕೆ,” ಎಂದಳು. ಆದರೆ ಈಗ ಕಿಟಕಿಯ ಹತ್ತಿರ ಬರುವುದಿಲ್ಲ.

ಶ್ರವಣಯಂತ್ರದ ಬ್ಯಾಟರಿ ಹಾಕಿಸಿಕೊಳ್ಳಿ. ತೃಪ್ತಿಯನ್ನೂ ನನ್ನನ್ನೂ ಹರಸಿ.

ನಿಮ್ಮ ಮಗಳು,
ಸುಪ್ರೀತಾ

ತಾ.ಕ.: ಆ ಹುಡುಗಿಯನ್ನು ಏಕೆ ಹಾಗೆ ಕೇಳಿದೆ ಎಂದು ನಿಮಗೆ ಹೇಳಲೇಬೇಕು ಅಪ್ಪ. ನನ್ನ ಎಂಟನೇ ತರಗತಿಯಲ್ಲಿ ನಾವು ಜಬಲ್‌ಪುರದಿಂದ ಜೋಧಪುರಕ್ಕೆ ಹೋದೆವಲ್ಲ, ಆಗ ಕಳೆದುಹೋದ ಟಿಸಿ ಕಳೆದದ್ದಲ್ಲ. ರೈಲಿನಲ್ಲಿ ನಾನೇ ಹರಿದು ಕಿಟಕಿಯಿಂದ ಎಸೆದೆ. ಅದಿಲ್ಲದಿದ್ದರೆ ನನ್ನ ಗೆಳತಿಯರಿರುವ ಶಾಲೆಗೇ ವಾಪಸು ಹೋಗಬಹುದು ಎಂದುಕೊಂಡಿದ್ದೆ. ಇನ್ನೊಂದು ಪ್ರತಿ ತರಲು ನೀವು ಉಳಿದಿದ್ದ ರಜೆಯನ್ನೆಲ್ಲ ಹಾಕಿ ಹೋದಿರಿ. ಮುಂದಿನ ತಿಂಗಳು ಅಜ್ಜಿ ತೀರಿಹೋದ ತಂತಿ ಬಂದಾಗ ನಿಮಗೆ ರಜೆ ಸಿಗಲಿಲ್ಲ. ನಿಮ್ಮ ಉದಾಸೀನದಿಂದ ಟಿಸಿ ಕಳೆದು ಹೀಗಾಯಿತು ಎಂದು ಅಮ್ಮ ಕೊನೆಯವರೆಗೂ ಅಂದರು. ನೀವು ಒಂದು ದಿನವೂ ಎದುರು ಮಾತಾಡಲಿಲ್ಲ. ನಾನು ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದೆ. ಮರೀನಾ ಮುಂದಿನ ತಿಂಗಳು ಹಿಂದಿರುಗುತ್ತಾಳೆ. ಬೈದಾದರೂ ಸರಿ, ಎರಡು ಸಾಲು ಬರೆದು ಅವಳ ಕೈಯಲ್ಲಿ ಕೊಡಿ.