ಕೊಂಡಿಗೆ ಇಬ್ಬರು ಬೇಕು

ಕ್ವಾರ್ಟ್ಸ್‌ಸೈಟ್, ಅರಿಜೋನಾ
ಜನವರಿ ೧೯

ಪ್ರೀತಿಯ ಮಾರ್ಲಿಸ್ ಅಕ್ಕ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಕೋಪ ಮಾಡಿಕೊಳ್ಳಬೇಡ. ನಿನ್ನ ಪುಟ್ಟ ಕ್ಲೆಮ್‌ಗೆ ಹಲ್ಲು ಬಂದ ಸುದ್ದಿಯನ್ನು ಅಪ್ಪ ಪಕ್ಕದ ಬಿಡಾರದವರಿಗೆಲ್ಲ ಹೇಳಿ ಬಂದ.

ಇಲ್ಲಿ ಎರಡು ವಾರ ಒಂದೇ ಜಗಳ: ನಮ್ಮ ಮೋಟಾರು ಮನೆಯ ಹಿಂದೆ ಎಳೆದೊಯ್ಯಲು ಯಾವ ಗಾಡಿ ಕೊಳ್ಳುವುದು. ಬಸ್ಸಿನಷ್ಟು ಉದ್ದದ ಮನೆಯನ್ನು ಹಾಲು ತರಲು ಓಡಿಸಲಾದೀತೆ? ನಾನು ಹೇಳಿದ್ದು, ಮರಳಿನಲ್ಲಿ ಓಡುವ ಎರಡು ಸೀಟಿನ ಪುಟ್ಟ ಗಾಡಿ. ಟ್ರೇಲರ್ ಮೇಲೆ ಹತ್ತಿಸಿದರೆ ಒಬ್ಬರೇ ಕೊಂಡಿ ಹಾಕಬಹುದು, ಕಟ್ಟಿಕೊಂಡೇ ಹಿಂದಕ್ಕೂ ಬರಬಹುದು. ಮರುಭೂಮಿ ಎಲ್ಲರದು, ಅದರ ಮೈಯನ್ನು ದೊಡ್ಡ ಚಕ್ರಗಳಿಂದ ಗೀರುವ ಹಕ್ಕು ಯಾರಿಗೂ ಇಲ್ಲ ಎಂದೂ ವಾದಿಸಿದೆ. "ಶುರುವಾಯ್ತು ಭಾಷಣ," ಅಂದ ಅಪ್ಪ. "ನಿನ್ನ ಯಾವ ಕಿರುಹೊತ್ತಿಗೆಯಲ್ಲಿದೆ, ಪುಟ ಹೇಳು."

ಅವನ ಕಣ್ಣು ಹಾಯ್ಟ್ ಎಂಬ ಮುದುಕ ಮಾರಲಿಟ್ಟ ಹಳೇ ಜೀಪಿನ ಮೇಲಿತ್ತು. ಅದು ನಾಲ್ಕೂ ಚಕ್ರ ನೆಲದ ಮೇಲೆ ಉರುಳುತ್ತ ಹಿಂದೆ ಬರುವಂಥದು. ಹಾಯ್ಟ್ ಮೊದಲೇ ಎಚ್ಚರಿಸಿದ: "ನೋಡವ್ವ, ಈ ಎಳೆಯೋ ಕಂಬಿ ಹಳೇದು. ಒಬ್ಬರು ಜೀಪಲ್ಲಿ ಕೂತು ಇಷ್ಟಿಷ್ಟೇ ಮುಂದೆ ಬಿಡಬೇಕು, ಇನ್ನೊಬ್ಬರು ಪಿನ್ನು ಹಾಕಬೇಕು. ಒಬ್ಬರ ಕೈಲಾಗಲ್ಲ."

"ಇದೀವಲ್ಲ ಇಬ್ಬರು," ಅಂದ ಅಪ್ಪ.

ಕಳೆದ ಬೇಸಿಗೆಯಿಂದಲೂ ನಡುಗುತ್ತಿರುವ ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ. ನಾನು ಹಟ ಬಿಟ್ಟೆ. ಜೀಪು ಬಂತು.

ಮಂಗಳವಾರ ನಕ್ಷೆ ನೋಡುತ್ತಿದ್ದ ನಾನೇ ದಾರಿ ತಪ್ಪಿಸಿದೆ. ಬೀಗ ಹಾಕಿದ ಗೇಟಿನ ಮುಂದೆ ರಸ್ತೆ ಮುಗಿಯಿತು. ಎರಡೂ ಬದಿ ಹಳ್ಳ. ಜೀಪು ಕಟ್ಟಿದ ಮೇಲೆ ಮನೆ ಹಿಂದಕ್ಕೆ ಬರುವಂತಿಲ್ಲ. ಬಂದರೆ ಜೀಪಿನ ಮುಂದಿನ ಚಕ್ರ ತಿರುಚಿಕೊಂಡು ಕಂಬಿ ಮುರಿಯುತ್ತದೆ. ಬಿಗಿದ ಪಿನ್ನು ಬಿಡಿಸಲು ನಾನು ಒಳಗೆ ಕೂತು ಜೀಪನ್ನು ಅಲುಗಿಸಿದೆ, ಅಪ್ಪ ಸುತ್ತಿಗೆಯಿಂದ ಬಡಿದ. "ಒಬ್ಬನೇ ಇದ್ದಿದ್ರೆ ಇಲ್ಲೇ ಒಣಗಿಹೋಗ್ತಿದ್ದೆ ಕಣೆ," ಎಂದು ನಕ್ಕ. ನನಗೆ ನಗು ಬರಲಿಲ್ಲ. ಮನೆಯೆಂದರೆ ಜೈಲು, ರಸ್ತೆಯೇ ಬಿಡುಗಡೆ ಎಂದು ಓದಿ ಹೇಳಿ, ಅಮ್ಮ ತೀರಿಹೋದ ವರ್ಷವೇ ಅವನ ಕೈಲಿ ಮನೆ ಮಾರಿಸಿದವಳು ನಾನು. ಎಂಟಡಿ ಅಗಲದ ಆ ಬಿಡುಗಡೆಯಲ್ಲಿ ಈಗ ಅವನು ಕೆಮ್ಮಿದರೆ ನನ್ನ ಕಾಫಿ ಕಪ್ಪು ಅಲುಗುತ್ತದೆ.

ಕ್ಲೆಮ್ ಗಟ್ಟಿಯಾಗಿ ಬೆಳೆಯಲಿ, ಯಾರ ಮುಂದೆಯೂ ತಲೆ ತಗ್ಗಿಸದಿರಲಿ. ಭಾವನನ್ನು ಕೇಳಿದೆನೆಂದು ಹೇಳು.

ನಿನ್ನ ತಂಗಿ,
ಡೆಲ್ಲಾ

ತಾ.ಕ. ನ್ಯೂ ಮೆಕ್ಸಿಕೊದಲ್ಲಿ ಬತ್ತಿದ ನದಿಯ ದಡಕ್ಕೆ ಮರ ನೆಡುವ ತಂಡವೊಂದು ಮಾರ್ಚ್ ಒಂದಕ್ಕೆ ಬಾ ಎಂದು ನನ್ನನ್ನು ಕರೆದಿದೆ. ಆ ಕಾಗದವನ್ನು ಕಿರುಹೊತ್ತಿಗೆಯೊಳಗೆ ಬಚ್ಚಿಟ್ಟಿದ್ದೆ. ಅಪ್ಪನಿಗೆ ಒಂದು ಮಾತೂ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಎದ್ದು ಬಂದರೆ ಅವನು ಒಬ್ಬನೇ ಜೀಪು ಕಟ್ಟಲು ನೋಡುತ್ತಿದ್ದ. ಒಳಗೆ ಕೂತು ಇಷ್ಟು ಮುಂದೆ ಬಿಡುವುದು, ಇಳಿದು ಓಡುವುದು, ಪಿನ್ನು ತೂತಿಗೆ ಸೇರದೆ ಕೈಯಿಂದ ಜಾರುವುದು. ನನ್ನನ್ನು ನೋಡಿ, "ಮಾರ್ಚ್ ಒಳಗೆ ಕಲೀತೀನಿ ಬಿಡು," ಅಂದ.

ನಾನು ಹೋಗಿ ಜೀಪಿನಲ್ಲಿ ಕೂತೆ.