ನಾಲ್ಕನೆಯವನಾಗಿ ನಿಂತವನಿಗೆ

ನನ್ನ ಕಂದಾ,

ಚಿಕ್ಕವರಿಗೆ ಕಾಗದ ಬರೆಯುವಾಗ ಚಿರಂಜೀವಿ ಎಂದು ಶುರು ಮಾಡುವುದು ನಮ್ಮ ಕಡೆಯ ರೂಢಿ. ಬರೆದೆ, ನೋಡಿದೆ, ಹೊಡೆದು ಹಾಕಿದೆ. ಉಸಿರಿಲ್ಲದೆ ಹುಟ್ಟಿದ ಮಗುವಿಗೆ ಆ ಪದ ಬರೆಯಲು ಕೈ ಬರಲಿಲ್ಲ. ಆದರೂ ನೀನು ಬಂದಿದ್ದೆ. ಕಣ್ಣಾರೆ ಕಂಡಿದ್ದೇನೆ, ಕೈಯಾರೆ ನಿನ್ನ ಫೋಟೋ ತೆಗೆದಿದ್ದೇನೆ. ಯಾರಿಗಾದರೂ ಹೇಳಿದರೆ ಇವಳಿಗೆ ತಲೆ ಕೆಟ್ಟಿದೆ ಅಂದಾರು. ಹಾಗಾಗಿ ನಿನಗೇ ಹೇಳುತ್ತೇನೆ.

ನೀನೂ ಸಮರ್ಥನೂ ಒಂದೇ ಹೊಟ್ಟೆಯಲ್ಲಿ ಇದ್ದವರು. 2020ರ ಏಪ್ರಿಲ್, ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಕಾಲ. ಅವನು ಅತ್ತ, ನೀನು ಅಳಲಿಲ್ಲ. ಮುಖ ಮುಚ್ಚಿಕೊಂಡಿದ್ದ ನರ್ಸ್ ಹತ್ತಿರ ಬಂದು, ಈ ಮಗುವಿನದೊಂದು ಫೋಟೋ ತೆಗೆಯಲೇ ಎಂದು ಮೆಲ್ಲಗೆ ಕೇಳಿದಳು. ಇಲ್ಲಿ ಅಮೆರಿಕದಲ್ಲಿ ಹಾಗೆ ಕೇಳುತ್ತಾರೆ. ಉಳಿಯದ ಮಗುವಿನ ಫೋಟೋ ತೆಗೆಯುವುದು ನಮ್ಮವರು ಕೇಳರಿಯದ ಮಾತು. ನಿಮ್ಮಪ್ಪ ಮುರಳೀಧರ ಬೇಡವೆಂದು ತಲೆಯಾಡಿಸಿದರು. ಅವರ ಮಾಸ್ಕ್ ಪೂರ್ತಿ ಒದ್ದೆಯಾಗಿತ್ತು. ಅವರನ್ನು ನಾನು ದೂರುವುದಿಲ್ಲ. ಇಬ್ಬರೂ ಗಂಡು ಎಂದು ತಿಳಿದಾಗಲೇ ಎರಡು ಹೆಸರು ಆರಿಸಿಟ್ಟಿದ್ದೆವು. ಒಂದನ್ನು ಸಮರ್ಥನಿಗೆ ಇಟ್ಟೆವು. ಇನ್ನೊಂದನ್ನು ಆಮೇಲೆ ಮನೆಯಲ್ಲಿ ಯಾರೂ ಬಾಯಿಗೆ ತರಲಿಲ್ಲ.

ಈ ಫೆಬ್ರವರಿಯ ಉದ್ದನೆಯ ವೀಕೆಂಡಿಗೆ ನಾವಿರುವ ರೆಸ್ಟನ್‌ನಿಂದ ವೆಸ್ಟ್ ವರ್ಜೀನಿಯಾದ ಬೆಟ್ಟಕ್ಕೆ ಸ್ಕೀ ಮಾಡಲು ಹೋದೆವು. ಮಾಡುವುದೆಂದರೆ ನಿಮ್ಮಪ್ಪ ಬೀಳುವುದು, ನಾನು ಅದರ ಫೋಟೋ ತೆಗೆಯುವುದು. ಮೈಸೂರಿನಿಂದ ಬಂದಿರುವ ನಿಮ್ಮ ಅಜ್ಜಿ ವಸಂತಾ ಸೀರೆಯ ಮೇಲೆ ಮಗನ ಹಳೆಯ ಜಾಕೆಟ್, ತಲೆಗೆ ಉಣ್ಣೆಯ ಟೋಪಿ ಏರಿಸಿಕೊಂಡು ಮಹಾರಾಣಿಯ ಗತ್ತಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದರು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಪುಳಿಯೋಗರೆ. ಹಿಮದಲ್ಲಿ ಫೋಟೋ ತೆಗೆಯುವುದು ತಲೆನೋವಿನ ಕೆಲಸ. ಅಷ್ಟೊಂದು ಬಿಳಿಯನ್ನು ಕ್ಯಾಮೆರಾ ನಂಬುವುದಿಲ್ಲ, ಬೂದು ಬಣ್ಣಕ್ಕೆ ಇಳಿಸಿಬಿಡುತ್ತದೆ. ಬೆಳಕು ಹೆಚ್ಚಿಸಿ ಹೆಚ್ಚಿಸಿ ಅದಕ್ಕೆ ಬುದ್ಧಿ ಹೇಳಬೇಕು. ಇನ್ನು ಮುಖಗಳೋ, ಕಾಣುವುದೇ ಇಲ್ಲ. ಹೆಲ್ಮೆಟ್, ಗಾಗಲ್ಸ್, ಮೂಗಿನವರೆಗೆ ಬಟ್ಟೆ. ಎಲ್ಲ ಮಕ್ಕಳೂ ಒಂದೇ ಥರ. ಸಮರ್ಥನನ್ನು ನಾನು ಗುರುತಿಸುತ್ತಿದ್ದುದು ಅವನ ಕಿತ್ತಳೆ ಬಣ್ಣದ ಜಾಕೆಟ್ಟಿನಿಂದ.

ಅಪ್ಪ, ಅಜ್ಜಿ, ಸಮರ್ಥ್ ಮೂವರನ್ನೂ ನಿಲ್ಲಿಸಿ ಕ್ಯಾಮೆರಾ ಎತ್ತಿದೆ. ಅಜ್ಜಿ ಕೈ ಅಡ್ಡ ಹಿಡಿದರು. “ತಾಳೇ ಊರ್ಮಿಳಾ, ಮೂರು ಜನ ನಿಂತ್ಕೊಂಡು ಫೋಟೋ ತೆಗೆಸ್ಕೋಬಾರ್ದು. ಒಬ್ಬರಿಗೆ ಆಗಿಬರಲ್ಲ.” ನಾನೂ ಇದ್ದೀನಲ್ಲ ಅತ್ತೆ, ನಾಲ್ಕಾಯಿತು ಎಂದೆ. “ತೆಗೆಯೋರು ಲೆಕ್ಕಕ್ಕಿಲ್ಲ” ಎಂದರು. ಈ ಮನೆಯ ಯಾವ ಆಲ್ಬಮ್ಮಿನಲ್ಲೂ ನಾನು ಲೆಕ್ಕಕ್ಕಿಲ್ಲ, ಅದು ಹೊಸ ವಿಷಯವೇನಲ್ಲ. ಅಷ್ಟರಲ್ಲಿ ಅಜ್ಜಿ ಪಕ್ಕಕ್ಕೆ ತಿರುಗಿ, ಸ್ವಲ್ಪ ದೂರದಲ್ಲಿ ಒಂಟಿಯಾಗಿ ನಿಂತಿದ್ದ ಬೂದು ಜಾಕೆಟ್ಟಿನ ಮಗುವನ್ನು ಕರೆದರು. “ಬಾ ಮರಿ, ಇಲ್ಲಿ ನಿಂತ್ಕೋ ಒಂದ್ನಿಮಿಷ.”

ನೀನು ಬಂದೆ. ಅಜ್ಜಿ ನಿನ್ನ ಹೆಲ್ಮೆಟ್ಟಿನ ಮೇಲೆ ಕೈ ಇಟ್ಟುಕೊಂಡರು. ಕ್ಲಿಕ್ ಮಾಡಿದೆ, ಥ್ಯಾಂಕ್ಯೂ ಸ್ವೀಟಿ ಎಂದೆ. ನೀನು ಹೊರಟುಹೋದೆ. ಅಜ್ಜಿ ಕರೆದದ್ದು ಕನ್ನಡದಲ್ಲಿ ಎಂಬುದು ನನಗೆ ಹೊಳೆದದ್ದು ಪುಳಿಯೋಗರೆ ತಿನ್ನುವಾಗ. ಹೇಳಿದರೆ ನಿಮ್ಮಪ್ಪ ನಕ್ಕರು. “ಲಾಂಗ್ ವೀಕೆಂಡ್ ಕಣೇ, ವರ್ಜೀನಿಯಾದ ಅರ್ಧ ಕನ್ನಡದವರು ಇಲ್ಲೇ ಇದಾರೆ.” ನಾನೂ ನಕ್ಕೆ.

ಮಧ್ಯಾಹ್ನ ಸಮರ್ಥ್ ಕಾಣೆಯಾದ. ಚಿಕ್ಕ ಮಕ್ಕಳ ಇಳಿಜಾರಿನಲ್ಲಿ ಇದ್ದವನು, ಚಳಿಗೆ ಸತ್ತುಹೋದ ಬ್ಯಾಟರಿ ಬದಲಿಸಿ ನಾನು ತಲೆಯೆತ್ತುವಷ್ಟರಲ್ಲಿ ಇಲ್ಲ. ಹೆಸರು ಹಿಡಿದು ಕೂಗಿದೆ, ಅಪ್ಪನೂ ಕೂಗಿದರು. ಕೊನೆಗೆ ಕಾಡಿನ ಅಂಚಿಗೆ ಕಟ್ಟಿದ್ದ ಹಗ್ಗದ ಬಳಿ ಕಿತ್ತಳೆ ಬಣ್ಣ ಕಂಡಿತು. ಹಿಮದಲ್ಲಿ ಆರಾಮಾಗಿ ಕುಳಿತು ಮರಗಳ ಕಡೆ ನೋಡುತ್ತಿದ್ದ. ಅಷ್ಟು ಕೂಗಿದ್ದು ಕೇಳಿಸಲಿಲ್ಲವೇನೋ ಎಂದು ಗದರಿದೆ. “ಕೇಳಿಸ್ತು ಅಮ್ಮ. ಬಟ್ ಯು ವರ್ ನಾಟ್ ಕಾಲಿಂಗ್ ಮಿ. ಆ ಗ್ರೇ ಜಾಕೆಟ್ ಬಾಯ್‌ಗೆ ನೇಮ್ ಇಲ್ಲ. ಸೋ ಐ ಗೇವ್ ಹಿಮ್ ಮೈನ್.” ಅವನು ಕುಳಿತಲ್ಲಿಂದ ಮರಗಳವರೆಗೆ ಹಿಮ ಹಾಸಿದ ಹಾಗೇ ಇತ್ತು. ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ಮಕ್ಕಳಾಟ ಎಂದುಕೊಂಡೆವು. ರೆಸ್ಟನ್‌ಗೆ ಬಂದ ಮೇಲೂ ಆಟ ನಿಲ್ಲಲಿಲ್ಲ. ಮರಿ ಎಂದರೆ ಬರುತ್ತಿದ್ದ, ಪುಟ್ಟ ಎಂದರೆ ಬರುತ್ತಿದ್ದ. ಸಮರ್ಥ್ ಎಂದರೆ ಮಾತ್ರ ತಿರುಗಿಯೂ ನೋಡದೆ ಕಿಟಕಿಯ ಕಡೆ ಕೈ ತೋರಿಸಿ, “ಹಿ ಈಸ್ ಔಟ್‌ಸೈಡ್” ಎನ್ನುತ್ತಿದ್ದ. ಕಿಂಡರ್‌ಗಾರ್ಟನ್ ಟೀಚರ್ ಫೋನ್ ಮಾಡಿದರು. ಹೆಸರು ಕರೆದರೆ ಓಗೊಡುವುದಿಲ್ಲವಂತೆ, ಬಣ್ಣ ಹಚ್ಚುವ ಹಾಳೆಯಲ್ಲಿ ಹೆಸರಿನ ಜಾಗ ಖಾಲಿ ಬಿಡುತ್ತಾನಂತೆ. ಡಾಕ್ಟರ್ ಕಿವಿ ನೋಡಿ ಏನೂ ತೊಂದರೆಯಿಲ್ಲ ಎಂದರು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು ಒಲೆಯ ಮೇಲೆ ಸುಟ್ಟರು, ಸ್ಮೋಕ್ ಅಲಾರಂ ಬಡಿದುಕೊಂಡಿತು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ಅದೇ ಸಂಜೆ ಅವನು ಕನ್ನಡಿಯ ಮುಂದೆ ನಿಂತು, ಗುರುತಿಲ್ಲದ ಹುಡುಗನನ್ನು ನೋಡುವ ಹಾಗೆ ತನ್ನನ್ನೇ ನೋಡಿಕೊಳ್ಳುತ್ತಿದ್ದ. ಈ ಮಗನೂ ಕೈತಪ್ಪಿ ಹೋಗುತ್ತಿದ್ದಾನೆ ಅನ್ನಿಸಿತು.

ಮರುದಿನ ಎಲ್ಲರೂ ಹೊರಗೆ ಹೋಗಿದ್ದಾಗ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಎಲ್ಲದರಲ್ಲೂ ನೀನಿದ್ದೆ. ಮೊದಮೊದಲು ದೂರದಲ್ಲೊಂದು ಬೂದು ಚುಕ್ಕೆ. ಮಕ್ಕಳನ್ನು ಮೇಲಕ್ಕೆ ಒಯ್ಯುವ ಬೆಲ್ಟಿನ ಮೇಲೆ ಸಮರ್ಥನ ಹಿಂದೆಯೇ. ಅವನು ಬಿದ್ದಾಗ ಅವನ ಪಕ್ಕದಲ್ಲಿ. ಉಳಿದವರೆಲ್ಲ ಎತ್ತೆತ್ತಲೋ ನೋಡುತ್ತಿದ್ದರೂ ನೀನು ಮಾತ್ರ ಪ್ರತಿಯೊಂದರಲ್ಲೂ ನನ್ನ ಕಡೆಗೇ ತಿರುಗಿದ್ದೆ. ಕೊನೆಗೆ ನಾಲ್ವರೂ ನಿಂತ ಫೋಟೋ ದೊಡ್ಡದು ಮಾಡಿದೆ. ಆ ಗಾಗಲ್ಸಿನ ಗಾಜು ಕನ್ನಡಿಯ ಥರದ್ದು, ಎದುರಿಗಿದ್ದವರು ಅದರಲ್ಲಿ ಕಾಣುತ್ತಾರೆ. ಸಮರ್ಥನದರಲ್ಲಿ ನಾನಿದ್ದೆ, ಕ್ಯಾಮೆರಾ ಮುಖಕ್ಕೆ ಒತ್ತಿಕೊಂಡು. ಅಪ್ಪನದರಲ್ಲೂ ಹಾಗೇ. ನಿನ್ನದರಲ್ಲೂ ನಾನೇ. ಆದರೆ ಕೈಯಲ್ಲಿ ಕ್ಯಾಮೆರಾ ಇಲ್ಲ. ಎರಡೂ ಕೈ ಎದೆಗೆ ಮಡಿಚಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಎತ್ತಿಕೊಂಡಿದ್ದೇನೆ. ಆ ಬಟ್ಟೆಯ ಅಂಚಿನ ನೀಲಿ ಗೆರೆ ನನಗೆ ಗೊತ್ತು. ಆಸ್ಪತ್ರೆಯಲ್ಲಿ ನಿನ್ನನ್ನು ನನ್ನ ಕೈಗೆ ಕೊಟ್ಟದ್ದು ಅದರಲ್ಲೇ.

ಹೆದರಿಕೆಯಾಯಿತು ಎಂದರೆ ನಿನಗೆ ಬೇಸರವಾದೀತು, ಆದರೆ ಆಯಿತು. ಕೋಪವೂ ಬಂತು. ಒಬ್ಬನನ್ನು ಕಳೆದುಕೊಂಡವಳ ಹತ್ತಿರ ಇನ್ನೊಬ್ಬನನ್ನೂ ಕೇಳಲು ಬಂದೆಯಾ ಎಂದು ಪರದೆಯ ಮುಂದೆ ಜೋರಾಗಿಯೇ ಬೈದೆ. ಬೈದ ಮೇಲೆ ಅಳು ಬಂತು. ನೀನು ಕೇಳಿದ್ದು ಅವನನ್ನಲ್ಲ. ನಿನಗೆಂದೇ ಆರಿಸಿಟ್ಟು ನಾವು ಕೊಡದೆ ಉಳಿಸಿಕೊಂಡ ಹೆಸರನ್ನು. ಎಲ್ಲರೂ ಅಣ್ಣನನ್ನೋ ತಮ್ಮನನ್ನೋ ಹೆಸರು ಹಿಡಿದು ಕರೆಯುವಾಗ ಪಕ್ಕದಲ್ಲಿ ಸುಮ್ಮನೆ ನಿಂತಿರುವುದು ಎಷ್ಟು ಕಷ್ಟವೋ. ಅವನು ತನ್ನದನ್ನು ಕೊಟ್ಟ, ನೀನು ತೆಗೆದುಕೊಂಡೆ.

ಇವತ್ತು ಬೆಳಿಗ್ಗೆ ಇಲ್ಲೂ ಹಿಮ ಬಿದ್ದಿತ್ತು. ಹಿತ್ತಿಲೆಲ್ಲ ತಟ್ಟೆಯಲ್ಲಿ ಅಕ್ಕಿ ಹರಡಿದ ಹಾಗೆ ಕಂಡಿತು. ಸಮರ್ಥನ ನಾಮಕರಣ ಮನೆಯಲ್ಲೇ ಆದದ್ದು. ಲ್ಯಾನ್‌ಹ್ಯಾಮ್ ಎಂಬ ಹತ್ತಿರದ ಊರಿನ ದೇವಸ್ಥಾನ ಆಗ ಮುಚ್ಚಿತ್ತು, ಪುರೋಹಿತರು ಫೋನಿನ ಪರದೆಯಲ್ಲಿ ಮಂತ್ರ ಹೇಳಿದರು, ಅಪ್ಪ ಅಕ್ಕಿಯಲ್ಲಿ ಉಂಗುರದಿಂದ ಹೆಸರು ಬರೆದರು. ಅದೇ ಉಂಗುರ ತೆಗೆದುಕೊಂಡು, ಯಾರಿಗೂ ಹೇಳದೆ ಹಿತ್ತಿಲಿಗೆ ಹೋದೆ. ಮಂಡಿಯೂರಿ ಹಿಮದಲ್ಲಿ ಬರೆದೆ: ಚಿರಂತನ್. ಕಿವಿಯಲ್ಲಿ ಹೇಳಬೇಕಲ್ಲ, ನಿನ್ನ ಕಿವಿ ಎಲ್ಲಿ ಎಂದು ಹುಡುಕಲಿ? ಸಮರ್ಥನ ಎತ್ತರಕ್ಕೆ ಅಂದಾಜು ಮಾಡಿ, ಗಾಳಿಗೆ ಬಾಯಿಟ್ಟು ಮೂರು ಸಲ ಹೇಳಿದೆ. ಇದು ನಿನ್ನದು ಮಗನೇ, ಅವನದನ್ನು ಅವನಿಗೆ ಕೊಟ್ಟುಬಿಡು ಎಂದೆ. ಆ ಚಳಿಯಲ್ಲಿ, ಯಾರೂ ಇಲ್ಲದ ಹಿತ್ತಿಲಿನಲ್ಲಿ, ನನ್ನ ಕೆನ್ನೆಗೆ ಬೆಚ್ಚಗಿನ ಉಸಿರು ತಾಕಿತು.

ಒಳಗೆ ಓಡಿ ಸಮರ್ಥ್ ಎಂದು ಕೂಗಿದೆ. “ಏನಮ್ಮ?” ಎನ್ನುತ್ತ ಮೆಟ್ಟಿಲಿಳಿದು ಬಂದ. ಅಪ್ಪಿಕೊಂಡರೆ, ಯೂ ಆರ್ ಸೋ ಕೋಲ್ಡ್ ಎಂದು ಕೊಸರಿಕೊಂಡು ದೋಸೆ ಕೇಳಲು ಅಜ್ಜಿಯ ಹತ್ತಿರ ಓಡಿದ.

ನಿನ್ನನ್ನು ನೋಡಬೇಕೆನಿಸಿ ಫೋಟೋ ತೆರೆದೆ. ಮೂರೇ ಜನ ಇದ್ದರು. ಎಲ್ಲವನ್ನೂ ತಿರುವಿ ಹಾಕಿದೆ. ಬೆಲ್ಟಿನ ಮೇಲೆ ಇಲ್ಲ, ಇಳಿಜಾರಿನಲ್ಲಿ ಇಲ್ಲ. ಅಜ್ಜಿ ಹಿಂದಿನಿಂದ ಇಣುಕಿ, “ಅಯ್ಯೋ, ಮೂರು ಜನ ಬೇಡ ಅಂತ ಬಡ್ಕೊಂಡ್ನಲ್ಲೇ. ಯಾರನ್ನಾದ್ರೂ ಕರೀಬೇಕಿತ್ತು” ಎಂದರು. ಕರೆದಿರಲ್ಲ ಅತ್ತೆ, ಬೂದು ಜಾಕೆಟ್ಟಿನ ಮಗು ಎಂದೆ. “ಯಾವ ಮಗು?” ಎಂದರು. ನಿಮ್ಮಪ್ಪನಿಗೂ ನೆನಪಿಲ್ಲ, ಸಮರ್ಥನಿಗೂ ನೆನಪಿಲ್ಲ. ನಾನೂ ಮರೆತೇನು ಎಂಬ ಭಯಕ್ಕೆ, ದೋಸೆಯನ್ನೂ ತಿನ್ನದೆ ಈ ಕಾಗದಕ್ಕೆ ಕುಳಿತೆ.

ಆದರೆ ಫೋಟೋದಲ್ಲಿ ಅಜ್ಜಿಯ ಬಲಗೈ ಹಾಗೇ ಇದೆ ಕಂದಾ. ಪಕ್ಕಕ್ಕೆ ಚಾಚಿ, ಸಮರ್ಥನಷ್ಟೇ ಎತ್ತರದಲ್ಲಿ, ಅಂಗೈಯನ್ನು ಬರಿಗಾಳಿಯ ಮೇಲೆ ಇಟ್ಟುಕೊಂಡು ನಗುತ್ತಿದ್ದಾರೆ. ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕುತ್ತೇನೆ. ಮೂರು ಜನ ಯಾಕೆ ನಿಂತಿರಿ ಎಂದು ಯಾರಾದರೂ ಕೇಳಿದರೆ, ಸರಿಯಾಗಿ ಎಣಿಸಿ ಎನ್ನುತ್ತೇನೆ.

ಮೊದಲು ಹೊಡೆದು ಹಾಕಿದ ಪದವನ್ನು ಈಗ ಬರೆಯುತ್ತೇನೆ. ಚಿರಂಜೀವಿ ಚಿರಂತನ್, ಎಲ್ಲಿದ್ದರೂ ಬೆಚ್ಚಗಿರು. ಯಾರಾದರೂ ಹೆಸರು ಕೇಳಿದರೆ ಧೈರ್ಯವಾಗಿ ಹೇಳು.

ನಿನ್ನನ್ನು ಲೆಕ್ಕಕ್ಕೆ ಇಟ್ಟುಕೊಂಡಿರುವ,
ಅಮ್ಮ