ಈ ಸಲ ಗಾಳಿ ತಿರುಗುವುದಿಲ್ಲ

ಅಪ್ಪನಿಗೆ,

ಫೋನ್ ಮಾಡಿದರೆ ನೀವು ಎತ್ತೋದಿಲ್ಲ. ಅದಕ್ಕೇ ಹವಾಮಾನ ಕಚೇರಿಯ ನಮ್ಮ ಜೀಪ್ ಡ್ರೈವರ್ ಕೈಲಿ ಈ ಪತ್ರ ಕಳಿಸ್ತಿದ್ದೀನಿ. ಹೋದ ಸಲ ಚಂಡಮಾರುತ ಬರುತ್ತೆ ಅಂದ ನನ್ನ ಮಾತು ಕೇಳಿ ದೋಣಿ ದಡದಲ್ಲೇ ಕಟ್ಟಿದಿರಿ. ಗಾಳಿ ಬೇರೆ ಕಡೆ ತಿರುಗಿತು, ಬಂದರಿನವರೆಲ್ಲ ನಿಮ್ಮನ್ನು ಆಡಿಕೊಂಡು ನಕ್ಕರು. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತೆ.

ಆದರೆ ಆಗ ನಡುಗಡಲಲ್ಲಿ ನಮಗೆ ಕಣ್ಣಿರಲಿಲ್ಲ. ಈಗ ಅಲ್ಲಿ ತೇಲುವ ಯಂತ್ರ ಬಿಟ್ಟಿದ್ದೀವಿ. ನೀರಿನ ಬಿಸಿ, ಅಲೆಯ ಎತ್ತರ, ಗಾಳಿಯ ಒತ್ತಡ ಎಲ್ಲವನ್ನೂ ಅದು ಗಂಟೆಗಂಟೆಗೂ ತಿಳಿಸುತ್ತೆ. ಬೆಳಿಗ್ಗೆಯಿಂದ ಒತ್ತಡ ಇಳೀತಾನೇ ಇದೆ, ಅಲೆ ಏಳ್ತಾನೇ ಇದೆ. ನಾಳೆ ಸಂಜೆಯೊಳಗೆ ಚಂಡಮಾರುತ ನಮ್ಮ ದಡಕ್ಕೇ ಬರುತ್ತೆ. "ಖಂಡಿತಾನಾ?" ಅಂತ ಮೇಲಧಿಕಾರಿ ಕೇಳಿದರು. "ನಮ್ಮಪ್ಪನ ದೋಣಿಯೂ ಅದೇ ಬಂದರಲ್ಲಿದೆ ಸಾರ್, ಬಾಯಿಗೆ ಬಂದದ್ದು ಹೇಳ್ತೀನಾ?" ಅಂದೆ. ಅವರು ಎಚ್ಚರಿಕೆಗೆ ಸಹಿ ಹಾಕಿದರು.

ದೋಣಿಯನ್ನು ಐಸ್ ಕಾರ್ಖಾನೆಯ ಹಿಂದಿನ ದಿಬ್ಬಕ್ಕೆ ಎಳೆಸಿ. ಆಮೇಲೆ ಅಮ್ಮನನ್ನು ಕರಕೊಂಡು ಇದೇ ಜೀಪಲ್ಲಿ ನನ್ನ ಮನೆಗೆ ಬನ್ನಿ. ಹೊಲಿಗೆ ಯಂತ್ರ ಬಿಟ್ಟು ಅವಳು ಹೊರಡಲ್ಲ, ಅದನ್ನೂ ಹೇರಿಸಿ. ದೋಣಿ ಕಾಯ್ತೀನಿ ಅಂತ ನೀವು ಹಟ ಹಿಡಿದರೆ ಅವಳೂ ಅಲ್ಲೇ ಕೂತುಬಿಡ್ತಾಳೆ, ಗೊತ್ತಲ್ಲ.

ಸಿಟ್ಟನ್ನು ಬೇಕಾದರೆ ಜೊತೆಗೇ ತನ್ನಿ, ಮನೇಲಿ ಜಾಗ ಇದೆ. ಗಾಳಿ ಇಳಿದ ಮೇಲೆ ದೋಣಿಯನ್ನು ನೀರಿಗಿಳಿಸೋಕೆ ನಾನೇ ಬಂದು ಹಗ್ಗ ಹಿಡೀತೀನಿ. ಸಮುದ್ರ ಎಲ್ಲೂ ಓಡಿಹೋಗಲ್ಲ.

ದಾರಿ ನೋಡ್ತಿರುವ,
ನಿಮ್ಮ ಮಗಳು